ಮಕ್ಕಳ ಲಸಿಕೆ: ವ್ಯಾಪಾರಿ ವರ್ಗ ಮರೆಯಬಾರದ ಲೆಕ್ಕ

ಶಾಲೆಯ ಗಂಟೆ ನಿಂತರೆ ಪೇಟೆಯ ವಹಿವಾಟೂ ಕುಂಟುತ್ತದೆ ಎಂಬುದನ್ನು ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳು 2020 ಮತ್ತು 2021ರಲ್ಲಿ ಚೆನ್ನಾಗಿಯೇ ಕಂಡುಕೊಂಡವು. ಮೈಸೂರು-ಮಾನಂದವಾಡಿ ರಸ್ತೆಯ ಹ್ಯಾಂಡ್‌ಪೋಸ್ಟ್ ಇರಲಿ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ಅಂಗಡಿ ಬೀದಿಗಳಿರಲಿ, ಅಲ್ಲಿನ ವ್ಯಾಪಾರ ನಿಂತಿರುವುದು ಹಳ್ಳಿಗಳಿಂದ ಬಂದು ಹೋಗುವ ಜನರ ಮೇಲೆ. ಮಕ್ಕಳು ಶಾಲೆಗೆ ಹೋದರೆ ತಾಯಂದಿರು ಕೆಲಸಕ್ಕೆ ಹೋಗುತ್ತಾರೆ. ಕೂಲಿ ಕೈಸೇರಿದರೆ ಅದು ಕಿರಾಣಿ ಅಂಗಡಿಗೂ ಬಟ್ಟೆ ಅಂಗಡಿಗೂ ತಲುಪುತ್ತದೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೆ ಉಳಿದ ಕೊಂಡಿಗಳೂ ಸಡಿಲವಾಗುತ್ತವೆ. ಆದ್ದರಿಂದ ಮಕ್ಕಳ ಲಸಿಕೆಯ ವಿಚಾರವನ್ನು ವೈದ್ಯರಿಗೂ ಸರ್ಕಾರಕ್ಕೂ ಬಿಟ್ಟು ಸುಮ್ಮನಿರುವುದು ವಾಣಿಜ್ಯ ವಲಯಕ್ಕೆ ತರವಲ್ಲ.

ರಾಜ್ಯದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೆಯ ತರಗತಿಗಳು ಪುನಃ ತೆರೆದುದು 2021ರ ಅಕ್ಟೋಬರ್ 25ರಂದು. ಅಂದರೆ ಸುಮಾರು 19 ತಿಂಗಳ ಕಾಲ ಚಿಕ್ಕ ಮಕ್ಕಳು ತರಗತಿಯ ಮುಖ ಕಾಣಲಿಲ್ಲ. ಗ್ರಾಮೀಣ ಭಾರತದಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣ 2018ರಲ್ಲಿ ಶೇಕಡಾ 27.3 ಇದ್ದುದು 2022ರಲ್ಲಿ ಶೇಕಡಾ 20.5ಕ್ಕೆ ಇಳಿಯಿತೆಂದು 'ಅಸರ್' ಸಮೀಕ್ಷೆ ದಾಖಲಿಸಿದೆ. ಇದು ಕೇವಲ ಶಿಕ್ಷಣ ಇಲಾಖೆಯ ನಷ್ಟವಲ್ಲ. ಇನ್ನು ಹತ್ತು ವರ್ಷಗಳಲ್ಲಿ ಅಂಗಡಿಯ ಲೆಕ್ಕ ಬರೆಯಬೇಕಾದವರು, ಅಕ್ಕಿ ಗಿರಣಿಯ ಯಂತ್ರ ನಡೆಸಬೇಕಾದವರು ಇದೇ ಮಕ್ಕಳು.

ತಡವಾಗಿ ಬಂದ ಲಸಿಕೆ

ದೇಶದಲ್ಲಿ ಕೋವಿಡ್ ಲಸಿಕೆಯ ಅಭಿಯಾನ ಆರಂಭವಾದದ್ದು 2021ರ ಜನವರಿ 16ರಂದು. ಮಕ್ಕಳ ಸರದಿ ಬಂದುದು ಸುಮಾರು ಒಂದು ವರ್ಷದ ನಂತರ. 15ರಿಂದ 18 ವರ್ಷದೊಳಗಿನವರಿಗೆ 2022ರ ಜನವರಿ 3ರಿಂದ ಕೊವ್ಯಾಕ್ಸಿನ್ ನೀಡಲಾಯಿತು. ಮೊದಲ ದಿನವೇ ದೇಶದಾದ್ಯಂತ 40 ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ಪಡೆದರು. 12ರಿಂದ 14 ವರ್ಷದವರಿಗೆ ಅದೇ ವರ್ಷದ ಮಾರ್ಚ್ 16ರಿಂದ ಕೊರ್ಬೆವ್ಯಾಕ್ಸ್ ದೊರೆಯಿತು. ಹೈದರಾಬಾದಿನ ಬಯಾಲಜಿಕಲ್-ಇ ಸಂಸ್ಥೆ ತಯಾರಿಸಿದ ಈ ಲಸಿಕೆಯಲ್ಲಿ ಬಳಕೆಯಾದುದು, ಹೆಪಟೈಟಿಸ್-ಬಿ ಲಸಿಕೆಯ ಮೂಲಕ ಬಹುಕಾಲದಿಂದ ಪರಿಚಿತವಾಗಿದ್ದ ಯೀಸ್ಟ್ ಆಧಾರಿತ ವಿಧಾನ. ಎರಡೂ ಲಸಿಕೆಗಳಿಗೆ 28 ದಿನಗಳ ಅಂತರದಲ್ಲಿ ಎರಡು ಡೋಸುಗಳು.

ಇನ್ನೂ ಚಿಕ್ಕ ಮಕ್ಕಳ ಕಥೆ ಬೇರೆ. 6ರಿಂದ 12 ವರ್ಷದವರಿಗೆ ಕೊವ್ಯಾಕ್ಸಿನ್‌ಗೆ, 5ರಿಂದ 12 ವರ್ಷದವರಿಗೆ ಕೊರ್ಬೆವ್ಯಾಕ್ಸ್‌ಗೆ 2022ರ ಏಪ್ರಿಲ್‌ನಲ್ಲಿ ತುರ್ತು ಬಳಕೆಯ ಅನುಮತಿ ದೊರೆತರೂ ಸರ್ಕಾರಿ ಅಭಿಯಾನ ಆ ವಯಸ್ಸಿನವರೆಗೆ ಇಳಿಯಲೇ ಇಲ್ಲ. ಅನುಮತಿ ಉಂಟು, ಅಭಿಯಾನವಿಲ್ಲ ಎಂಬ ಈ ಸ್ಥಿತಿ ಪೋಷಕರಲ್ಲಿ ಗೊಂದಲವನ್ನು ಉಳಿಸಿತು.

ಬೆಲೆಯ ಕಥೆಯೂ ವ್ಯಾಪಾರಸ್ಥರು ಗಮನಿಸತಕ್ಕದ್ದು. ಕೊರ್ಬೆವ್ಯಾಕ್ಸನ್ನು ಸರ್ಕಾರ ಕೊಂಡದ್ದು ತೆರಿಗೆ ಹೊರತು ಡೋಸಿಗೆ 145 ರೂಪಾಯಿಗೆ. ಖಾಸಗಿ ಮಾರುಕಟ್ಟೆಗೆ ಮೊದಲು 840 ರೂಪಾಯಿ ಎಂದು ನಿಗದಿಯಾಗಿದ್ದ ದರವನ್ನು 2022ರ ಮೇ ತಿಂಗಳಲ್ಲಿ ತಯಾರಕರು 250 ರೂಪಾಯಿಗೆ ಇಳಿಸಿದರು. ಒಂದೇ ಸರಕಿಗೆ ಇಷ್ಟು ಅಂತರದ ದರಗಳು ಏಕೆಂಬುದು ಯಾವುದೇ ಸಗಟು ವ್ಯಾಪಾರಿಗೆ ಅರ್ಥವಾಗುವ ವಿಷಯ: ದೊಡ್ಡ ಖರೀದಿದಾರ ಚೌಕಾಸಿ ಮಾಡಬಲ್ಲ, ಬಿಡಿ ಗ್ರಾಹಕ ಮಾಡಲಾರ. ಮಕ್ಕಳ ಲಸಿಕೆಯನ್ನು ಸರ್ಕಾರವೇ ಒಟ್ಟಾಗಿ ಕೊಂಡು ಉಚಿತವಾಗಿ ನೀಡಬೇಕೆಂಬ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ.

ಎರಡೂ ಕಡೆಯ ವಾದ

ಮಕ್ಕಳಿಗೆ ಕೋವಿಡ್ ಲಸಿಕೆ ಅಗತ್ಯವಿತ್ತೇ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ವಯಸ್ಸಿನೊಂದಿಗೂ ಕಾಲದೊಂದಿಗೂ ಬದಲಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2021ರ ಜೂನ್-ಜುಲೈನಲ್ಲಿ ನಡೆಸಿದ ನಾಲ್ಕನೆಯ ರಕ್ತ ಪರೀಕ್ಷಾ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇಕಡಾ 57.2, 10ರಿಂದ 17 ವರ್ಷದವರಲ್ಲಿ ಶೇಕಡಾ 61.6 ಮಂದಿಯಲ್ಲಿ ಪ್ರತಿಕಾಯಗಳು ಕಂಡುಬಂದವು. ಮಕ್ಕಳ ಕೈಗೆ ಮೊದಲ ಸೂಜಿ ತಾಕುವ ಮೊದಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಸೋಂಕು ಮುಟ್ಟಿ ಹೋಗಿತ್ತು. ಆರೋಗ್ಯವಂತ ಮಕ್ಕಳಲ್ಲಿ ಕಾಯಿಲೆ ಬಹುಮಟ್ಟಿಗೆ ಸೌಮ್ಯವಾಗಿಯೇ ಇತ್ತೆಂಬುದೂ ನಿಜ. ಶಾಲೆಗಳು ತೆರೆದುದೂ ಮಕ್ಕಳ ಲಸಿಕೆಗೆ ಮುಂಚೆಯೇ.

ಆದರೂ ಹದಿಹರೆಯದವರಿಗೆ ಲಸಿಕೆ ನೀಡಿದ ನಿರ್ಧಾರ ನಿರರ್ಥಕವಾಗಿರಲಿಲ್ಲ. ಬ್ರಿಟನ್ನಿನ ಉದಾಹರಣೆ ಇಲ್ಲಿ ಉಪಯುಕ್ತ. ಅಲ್ಲಿನ ಲಸಿಕಾ ಸಲಹಾ ಸಮಿತಿಯು 2021ರ ಸೆಪ್ಟೆಂಬರ್ ಆರಂಭದಲ್ಲಿ, 12ರಿಂದ 15 ವರ್ಷದ ಆರೋಗ್ಯವಂತ ಮಕ್ಕಳೆಲ್ಲರಿಗೂ ಲಸಿಕೆ ನೀಡಲು ಆರೋಗ್ಯದ ಲಾಭವೊಂದೇ ಸಾಲದೆಂದು ಹೇಳಿತು. ಕೆಲವೇ ದಿನಗಳಲ್ಲಿ ಅಲ್ಲಿನ ಮುಖ್ಯ ವೈದ್ಯಾಧಿಕಾರಿಗಳು, ಶಾಲೆಗಳು ಪದೇಪದೇ ಅಸ್ತವ್ಯಸ್ತವಾಗುವುದು ತಪ್ಪುವುದೆಂಬ ಕಾರಣವನ್ನೂ ಸೇರಿಸಿ ಒಂದು ಡೋಸ್ ನೀಡಲು ಶಿಫಾರಸು ಮಾಡಿದರು. ಲೆಕ್ಕದಲ್ಲಿ ಶಾಲೆಯನ್ನು ಸೇರಿಸಿದೊಡನೆ ಉತ್ತರ ಬದಲಾಯಿತು. ಕರ್ನಾಟಕದಲ್ಲಿಯೂ 2022ರ ಜನವರಿಯ ಓಮಿಕ್ರಾನ್ ಅಲೆಯಲ್ಲಿ ಬೆಂಗಳೂರು ಸೇರಿದಂತೆ ಹಲವೆಡೆ ತರಗತಿಗಳು ಮತ್ತೆ ಮುಚ್ಚಿದ್ದವು. ಶಿಕ್ಷಕರ, ಪೋಷಕರ ಧೈರ್ಯ ಕುಂದದಂತೆ ನೋಡಿಕೊಳ್ಳುವುದು ಆಗಿನ ತುರ್ತಾಗಿತ್ತು.

ಇಂದು ಆ ತುರ್ತು ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2023ರ ಮಾರ್ಚ್‌ನಲ್ಲಿ ಆರೋಗ್ಯವಂತ ಮಕ್ಕಳನ್ನೂ ಹದಿಹರೆಯದವರನ್ನೂ ಕೋವಿಡ್ ಲಸಿಕೆಯ ಕಡಿಮೆ ಆದ್ಯತೆಯ ಗುಂಪಿಗೆ ಸೇರಿಸಿತು. ದಡಾರದಂಥ ರೋಗಗಳ ಹಳೆಯ ಲಸಿಕೆಗಳಿಂದ ಮಕ್ಕಳಿಗೆ ದೊರೆಯುವ ಲಾಭ ಇದಕ್ಕಿಂತ ಬಹಳ ಹೆಚ್ಚೆಂದೂ ತಿಳಿಸಿತು. ಅದೇ ವರ್ಷದ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಣೆಯಾಯಿತು. ಹೀಗಿರುವಾಗ ಆರೋಗ್ಯವಂತ ಮಗುವಿಗೆ ಕೋವಿಡ್ ಲಸಿಕೆ ಹಾಕಿಸಲಿಲ್ಲವೆಂದು ಇಂದು ಯಾವ ಪೋಷಕರೂ ಚಿಂತಿಸಬೇಕಾಗಿಲ್ಲ. ಚಿಂತೆಯ ವಿಷಯ ಬೇರೆಯೇ ಇದೆ.

ಕಾಡಂಚಿನ ಹಳ್ಳಿಗಳ ಪಂಚಾಂಗ

ಹೆಗ್ಗಡದೇವನಕೋಟೆ ಸೀಮೆಯಲ್ಲಿ ನಾಗರಹೊಳೆ, ಬಂಡೀಪುರ ಅರಣ್ಯಗಳ ಅಂಚಿಗೆ ಜೇನುಕುರುಬ, ಬೆಟ್ಟಕುರುಬ, ಯರವ ಮೊದಲಾದ ಸಮುದಾಯಗಳ ಹಾಡಿಗಳಿವೆ. ಇಲ್ಲಿನ ಅನೇಕ ಕುಟುಂಬಗಳು ಕೂಲಿಗಾಗಿ ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತವೆ. ಮಕ್ಕಳೂ ಜೊತೆಯಲ್ಲಿ ಹೋಗುವುದುಂಟು. ಕಾಫಿ ಹಣ್ಣು ಕೊಯ್ಲಿನ ಕಾಲವೆಂದರೆ ಡಿಸೆಂಬರ್-ಜನವರಿಯ ಆಸುಪಾಸು. ಹದಿಹರೆಯದವರ ಲಸಿಕೆ ಆರಂಭವಾದುದೂ ಜನವರಿಯಲ್ಲಿಯೇ. ಕೃಷ್ಣರಾಜನಗರದ ಕಡೆ ಭತ್ತದ ಒಕ್ಕಣೆ ನಡೆಯುವುದೂ ಇದೇ ಸಮಯದಲ್ಲಿ. ಇತ್ತ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರ ಮನೆಗಳಲ್ಲಿ ಹೊಗೆಸೊಪ್ಪು ಹದ ಮಾಡುವ ವಾರಗಳಲ್ಲಿ ಇಡೀ ಕುಟುಂಬವೇ ಬ್ಯಾರನ್ ಬಳಿ ಇರಬೇಕಾಗುತ್ತದೆ.

ಶಾಲೆಯಲ್ಲಿ ನಡೆಯುವ ಶಿಬಿರಕ್ಕೆ ಶಾಲೆಯಲ್ಲಿರುವ ಮಗು ಮಾತ್ರ ಸಿಗುತ್ತದೆ. ಮೊದಲ ಡೋಸಿನ ದಿನ ಹಾಡಿಯಲ್ಲಿದ್ದ ಮಗು 28ನೆಯ ದಿನ ಕೊಡಗಿನ ಲೈನ್ ಮನೆಯಲ್ಲಿದ್ದರೆ ಎರಡನೆಯ ಡೋಸ್ ತಪ್ಪುತ್ತದೆ. ಇಂತಹ ಸಂದರ್ಭದಲ್ಲಿ 'ಜನರಿಗೆ ತಿಳಿವಳಿಕೆ ಇಲ್ಲ' ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ದಿನದ ಕೂಲಿ ಬಿಟ್ಟು ಬರಲು ಅವರಿಗೆ ಸಾಧ್ಯವಿತ್ತೇ ಎಂದು ಕೇಳುವುದು ನ್ಯಾಯ. ಕೂಲಿ ಕೊಡುವವರು ಯಾರು? ತೋಟದ ಮಾಲೀಕರು, ಗಿರಣಿಯವರು, ಗುತ್ತಿಗೆದಾರರು, ಅಂದರೆ ಈ ಪತ್ರಿಕೆಯ ಓದುಗ ವರ್ಗಕ್ಕೆ ಸೇರಿದವರೇ. ಕುಟುಂಬದ ವಲಸೆಯ ಪಂಚಾಂಗವನ್ನು ಆರೋಗ್ಯ ಇಲಾಖೆಗಿಂತ ಚೆನ್ನಾಗಿ ಬಲ್ಲವರೂ ಅವರೇ.

ಬಲವಂತ ಸಲ್ಲದು

ಸಾಂಕ್ರಾಮಿಕದ ದಿನಗಳಲ್ಲಿ ಲಸಿಕೆಯ ಪ್ರಮಾಣಪತ್ರವಿಲ್ಲದವರನ್ನು ಒಳಗೆ ಬಿಡಬಾರದೆಂಬ ಆದೇಶಗಳು ದೇಶದ ಹಲವು ಕಡೆ ಹೊರಟವು. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಯಾರನ್ನೂ ಬಲವಂತವಾಗಿ ಲಸಿಕೆಗೆ ಗುರಿಪಡಿಸುವಂತಿಲ್ಲವೆಂದು ತೀರ್ಪಿತ್ತಿತು. ಸರ್ಕಾರದ ಲಸಿಕಾ ನೀತಿಯನ್ನು ಅದು ತಳ್ಳಿಹಾಕಲಿಲ್ಲ. ಮಕ್ಕಳ ಲಸಿಕೆಯ ವಿಷಯದಲ್ಲಿ ತಜ್ಞರ ಅಭಿಪ್ರಾಯಕ್ಕೆ ಬದಲಾಗಿ ತನ್ನ ಅಭಿಪ್ರಾಯವನ್ನು ಇಡಲೂ ಹೋಗಲಿಲ್ಲ. ಆದರೆ ಮಕ್ಕಳ ಮೇಲೆ ನಡೆದ ಪ್ರಯೋಗಗಳ ಫಲಿತಾಂಶಗಳನ್ನು ಜನರ ಮುಂದಿಡಬೇಕೆಂದು ನಿರ್ದೇಶಿಸಿತು. ಸರಕಿನ ಗುಣಮಟ್ಟದ ವಿವರ ಗ್ರಾಹಕನಿಗೆ ತಿಳಿಯಬೇಕೆಂಬುದು ವ್ಯಾಪಾರದ ಮೂಲ ಧರ್ಮ. ಲಸಿಕೆಗೂ ಅದೇ ಧರ್ಮ ಅನ್ವಯಿಸುತ್ತದೆ.

ಮನವೊಲಿಕೆಯ ದಾರಿ ಮೈಸೂರಿಗೆ ಹೊಸದಲ್ಲ. ಐರಿಷ್ ಕಲಾವಿದ ಥಾಮಸ್ ಹಿಕ್ಕಿ 1805ರ ಸುಮಾರಿಗೆ ರಚಿಸಿದ, ಮೈಸೂರು ಅರಮನೆಯ ಮೂವರು ಸ್ತ್ರೀಯರ ವರ್ಣಚಿತ್ರವೊಂದಿದೆ. ಅವರಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳನ್ನು ತೋರುತ್ತಿರುವುದು ಆಗತಾನೇ ಬಂದಿದ್ದ ಸಿಡುಬಿನ ಲಸಿಕೆಯ ಪ್ರಚಾರಕ್ಕೆಂದು ಕೆಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಆಜ್ಞೆಗಿಂತ ಮಾದರಿಗೆ ಬೆಲೆ ಹೆಚ್ಚೆಂಬುದು ಅಂದಿನವರಿಗೂ ತಿಳಿದಿತ್ತು.

ನಿಜವಾದ ಬಾಕಿ

ಕೋವಿಡ್ ಕಾಲದ ದೊಡ್ಡ ನಷ್ಟ ಹಳೆಯ ಲಸಿಕೆಗಳದ್ದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿನಂತೆ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧದ ಲಸಿಕೆಯ ಮೊದಲ ಡೋಸನ್ನೂ ಪಡೆಯದ ಮಕ್ಕಳು ಭಾರತದಲ್ಲಿ 2021ರಲ್ಲಿ 27 ಲಕ್ಷದಷ್ಟಿದ್ದರು. 2022ರಲ್ಲಿ ಈ ಸಂಖ್ಯೆ 11 ಲಕ್ಷಕ್ಕೆ ಇಳಿಯಿತಾದರೂ 2023ರಲ್ಲಿ ಪುನಃ 16 ಲಕ್ಷಕ್ಕೆ ಏರಿತು. 2022ರ ಕೊನೆಯಲ್ಲಿ ಮುಂಬಯಿ ಮತ್ತು ಮಾಲೆಗಾಂವ್‌ಗಳಲ್ಲಿ ದಡಾರ ಹರಡಿ ಮಕ್ಕಳು ಸತ್ತರು. ಹಳೆಯ ಶತ್ರುವಿಗೆ ಬೇಲಿಯಲ್ಲಿ ಒಂದು ಕಂಡಿ ಸಿಕ್ಕರೆ ಸಾಕು.

ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವಲ್ಲ. ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರವರಿಯಲ್ಲಿ ದೇಶದಲ್ಲೇ ಮೊದಲು ಆರಂಭವಾದ ರಾಜ್ಯಗಳಲ್ಲಿ ಇದೂ ಒಂದು. 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ಅದನ್ನು ನೀಡಲಾಗಿತ್ತು. ಆಗಲೂ ಮೊಬೈಲ್ ಸಂದೇಶಗಳಲ್ಲಿ ವದಂತಿಗಳು ಹರಿದಾಡಿದ್ದವು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೋ ಕಾಣದಂತೆ ಮಾಡಿದ್ದು ಬಸ್ ನಿಲ್ದಾಣ, ಸಂತೆ, ಜಾತ್ರೆಗಳಲ್ಲಿ ನಿಂತು ಹನಿ ಹಾಕಿದ ಕಾರ್ಯಕರ್ತೆಯರ ಶ್ರಮ. ಆ ವಿಶ್ವಾಸವನ್ನು ಕೋವಿಡ್ ಕಾಲದ ಗದ್ದಲ ಕೆಡಿಸಬಾರದು. ಒಂದು ಲಸಿಕೆಯ ಬಗೆಗೆ ಹುಟ್ಟಿದ ಸಂಶಯ ಮತ್ತೊಂದಕ್ಕೆ ಅಂಟಿಕೊಳ್ಳುವುದೇ ಇಂದಿನ ಅಪಾಯ.

ವಾಣಿಜ್ಯ ವಲಯದ ಪಾಲು

ಈ ಬಾಕಿಯನ್ನು ತೀರಿಸುವಲ್ಲಿ ವ್ಯಾಪಾರಸ್ಥರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಮಾಡಬಹುದಾದ ಕೆಲಸಗಳು ದುಬಾರಿಯಲ್ಲ. ಮೊದಲನೆಯದು, ಕಾರ್ಮಿಕ ಮಹಿಳೆಯರಿಗೆ ಮಗುವಿನ ಲಸಿಕೆಯ ದಿನ ಕೂಲಿ ಕಡಿತವಿಲ್ಲದೆ ಅರ್ಧ ದಿನದ ಬಿಡುವು. ದಡಾರ-ರುಬೆಲ್ಲಾ ಲಸಿಕೆಯ ಎರಡು ಡೋಸುಗಳು 9 ತಿಂಗಳು ತುಂಬಿದಾಗ ಹಾಗೂ 16ರಿಂದ 24 ತಿಂಗಳೊಳಗೆ ಬರುತ್ತವೆ. ಒಬ್ಬ ತಾಯಿಗೆ ವರ್ಷದಲ್ಲಿ ಬೇಕಾಗುವ ಅರ್ಧ ದಿನಗಳು ಬೆರಳೆಣಿಕೆಯಷ್ಟು ಮಾತ್ರ. ಎರಡನೆಯದು, ವಲಸೆ ಕಾರ್ಮಿಕರನ್ನು ಕರೆತರುವಾಗ ತಾಯಿ ಕಾರ್ಡನ್ನೂ ಜೊತೆಗೆ ತರುವಂತೆ ಮೇಸ್ತ್ರಿಗಳಿಗೆ ಸೂಚಿಸುವುದು. ಕಾರ್ಡಿದ್ದರೆ ಯಾವ ಊರಿನ ಆರೋಗ್ಯ ಕೇಂದ್ರದಲ್ಲಾದರೂ ಬಾಕಿ ಡೋಸ್ ಹಾಕಿಸಬಹುದು. ಮೂರನೆಯದು, ಶಿಬಿರದ ದಿನ ವಾಹನದ ನೆರವು. ದಡಾರ-ರುಬೆಲ್ಲಾ ಲಸಿಕೆಯ ಶೀಷೆಯನ್ನು ದ್ರಾವಣ ಬೆರೆಸಿ ಸಿದ್ಧಪಡಿಸಿದ ನಾಲ್ಕು ಗಂಟೆಗಳೊಳಗೆ ಬಳಸಬೇಕು, ಇಲ್ಲವಾದರೆ ಎಸೆಯಬೇಕು. ಒಂದು ಹಾಡಿಯ ಮಕ್ಕಳು ಒಂದೇ ಹೊತ್ತಿಗೆ ಬಂದರೆ ಲಸಿಕೆಯೂ ಉಳಿಯುತ್ತದೆ, ಆರೋಗ್ಯ ಸಹಾಯಕಿಯ ದಿನವೂ ಉಳಿಯುತ್ತದೆ. ಸರಕು ಕೊಳೆತು ಹೋಗುವುದರ ಸಂಕಟವನ್ನು ತರಕಾರಿ ಮಂಡಿಯವರಿಗೆ ವಿವರಿಸಬೇಕಾಗಿಲ್ಲ.

ನಾಲ್ಕನೆಯದು ಹೇಳಲು ಕಹಿಯಾದರೂ ಹೇಳಲೇಬೇಕಾದದ್ದು. ಶಾಲೆ ಬಿಟ್ಟ ಮಗು ಅಗ್ಗದ ಆಳಲ್ಲ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವುದು ಸಂಜ್ಞೇಯ ಅಪರಾಧ; 6 ತಿಂಗಳಿಂದ 2 ವರ್ಷದವರೆಗೆ ಸೆರೆಮನೆ ಅಥವಾ 20,000ದಿಂದ 50,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ವಿಧಿಸಲು ಕಾನೂನು ಅವಕಾಶ ಕೊಡುತ್ತದೆ. ಕಾನೂನಿನ ಭಯ ಹಾಗಿರಲಿ. ಶಾಲೆಯಿಂದ ಹೊರಗುಳಿದ ಮಗು ಶಾಲಾ ಲಸಿಕೆಯಿಂದಲೂ ಬಿಸಿಯೂಟದಿಂದಲೂ ಹೊರಗುಳಿಯುತ್ತದೆ. ಅಂಥ ಮಗುವನ್ನು ಕೆಲಸಕ್ಕೆ ಇಟ್ಟುಕೊಂಡ ಅಂಗಡಿಯು ಲಸಿಕಾ ಶಿಬಿರಕ್ಕೆ ಎಷ್ಟೇ ದೇಣಿಗೆ ಕೊಟ್ಟರೂ ಲೆಕ್ಕ ಸರಿಹೋಗದು.

ಸರ್ಕಾರದ ಹೊಣೆಯೂ ಕಡಿಮೆಯೇನಲ್ಲ. ಮುಂದೊಮ್ಮೆ ಇಂಥದೇ ವಿಪತ್ತು ಬಂದಲ್ಲಿ ಯಾವ ವಯಸ್ಸಿನ ಮಕ್ಕಳಿಗೆ ಲಸಿಕೆ, ಯಾರಿಗೆ ಬೇಡ, ಏಕೆ ಬೇಡ ಎಂಬುದನ್ನು ಕನ್ನಡದಲ್ಲಿ, ಕಾರಣಸಹಿತ, ಸಕಾಲದಲ್ಲಿ ತಿಳಿಸಬೇಕು. ಶಿಬಿರದ ದಿನಗಳನ್ನು ನಿಗದಿಪಡಿಸುವ ಮೊದಲು ತಾಲ್ಲೂಕು ಆಡಳಿತವು ವರ್ತಕರ ಸಂಘಗಳೊಂದಿಗೂ ಹಾಡಿಯ ಯಜಮಾನರೊಂದಿಗೂ ಒಮ್ಮೆ ಕುಳಿತು ಸುಗ್ಗಿ, ಸಂತೆ, ವಲಸೆಯ ದಿನಗಳನ್ನು ನೋಡಿಕೊಳ್ಳಬೇಕು. ಮಾರುಕಟ್ಟೆ ಮುಚ್ಚುವ ಮಾತು ಬಂದಾಗ ಎಲ್ಲಕ್ಕಿಂತ ಕೊನೆಗೆ ಮುಚ್ಚತಕ್ಕದ್ದು, ಎಲ್ಲಕ್ಕಿಂತ ಮೊದಲು ತೆರೆಯತಕ್ಕದ್ದು ಪ್ರಾಥಮಿಕ ಶಾಲೆ ಎಂದು ಒತ್ತಾಯಿಸುವ ಧೈರ್ಯವನ್ನು ವಾಣಿಜ್ಯ ಸಂಸ್ಥೆಗಳು ತೋರಬೇಕು. 2020ರಲ್ಲಿ ಅಂಗಡಿ ತೆರೆಯಲು ಮನವಿ ಸಲ್ಲಿಸಿದ ಸಂಘಗಳು ಬಹಳ. ಶಾಲೆ ತೆರೆಯಲು ಕೇಳಿದವು ವಿರಳ. ಆ ವರ್ಷದ ನಷ್ಟದ ಲೆಕ್ಕವನ್ನು ಹೆಚ್ಚಿನ ಅಂಗಡಿಗಳು ಈಗಾಗಲೇ ತೀರಿಸಿಕೊಂಡಿವೆ. ಮಕ್ಕಳ ಲೆಕ್ಕದಲ್ಲಿ ಬಾಕಿ ಇನ್ನೂ ಉಳಿದಿದೆ.