ಹೂವಿನ ತೋಟದ ಕಥೆ ಯಾರದು?

ಮೊನ್ನೆ ಅವ್ವನ ಹಿತ್ತಲಿನ ಕನಕಾಂಬರದ ಫೋಟೋ ಹಾಕಿದ್ದೆ. ಸಂಗಾತಿಯೊಬ್ಬರು ಕೆಳಗೆ ಬರೆದ್ರು: 'ಏನ್ ಗುರು, ಹೋರಾಟ ಬಿಟ್ಟು ಹೂವಿನ ಹಿಂದೆ ಬಿದ್ಯಾ?' ಅಣ್ಣಾ, ಕೋಪ ಬಂದಿಲ್ಲ. ಆದ್ರೆ ಉತ್ತರ ಕಾಮೆಂಟಲ್ಲಿ ಹಿಡಿಯಲ್ಲ, ಅದಕ್ಕೇ ಈ ಪೋಸ್ಟು. ಉದ್ದ ಆಗುತ್ತೆ, ಪುರುಸೊತ್ತಿದ್ರೆ ಓದಿ.

ಈಚೆಗೆ ಫೋನ್ ತೆಗೆದ್ರೆ ಸಾಕು, ಅಮೆರಿಕದ ದಕ್ಷಿಣ ರಾಜ್ಯಗಳ ಪುಟ್ಟ ಹೂದೋಟಗಳ ವಿಡಿಯೋ. ಜಾರ್ಜಿಯಾ, ಸೌತ್ ಕೆರೊಲಿನಾ ಕಡೆಯವು. ಎರಡು ಮೂರು ಎಕರೆ, ಸಾಲು ಸಾಲು ಝಿನ್ನಿಯಾ, ಡೇಲಿಯಾ, ಕೈಯಲ್ಲಿ ಬುಟ್ಟಿ, ಹಿಂದೆ ಮೆತ್ತನೆ ಸಂಗೀತ. 'ಈ ಮಣ್ಣು ನನಗೆ ಕಥೆ ಹೇಳುತ್ತೆ' ಅಂತ ಶುರು. ಬೆಂಗಳೂರಿನ ನಮ್ಮ ಸ್ನೇಹಿತರೂ ಅದನ್ನೇ ಹಂಚಿಕೊಂಡು 'ಇಂಥ ಬದುಕು ಬೇಕಪ್ಪಾ' ಅಂತಾರೆ. ಹೂ ಬೆಳೆಯೋದು ಸುಲಭದ ಕೆಲಸ ಅಲ್ಲ, ಆ ಹೆಣ್ಣುಮಗಳ ಬೆವರನ್ನ ನಾನು ಅಲ್ಲಗಳೆಯಲ್ಲ. ನನ್ನ ತಕರಾರು ಬೇರೆ. ಆ ಕಥೆಗಳೆಲ್ಲ 'ಅಜ್ಜನಿಂದ ಬಂದ ಜಮೀನು' ಅನ್ನೋ ಮಾತಿಂದ ಶುರುವಾಗ್ತವೆ. ಅಜ್ಜನಿಗೆ ಎಲ್ಲಿಂದ ಬಂತು ಅಂತ ಯಾವ ವಿಡಿಯೋದಲ್ಲೂ ಕೇಳಿಲ್ಲ.

ಜಾರ್ಜಿಯಾದ ನೆಲ ಮಸ್ಕೋಗಿ, ಚೆರೋಕಿ ಜನರದ್ದು. 1830ರ ದಶಕ ಮುಗಿಯೋದ್ರೊಳಗೆ ಅವರನ್ನ ಅಲ್ಲಿಂದ ಓಡಿಸಿದ್ರು. ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಹತ್ತಿರ ಮಿಡಲ್ಟನ್ ಪ್ಲೇಸ್ ಅಂತ ತೋಟ ಇದೆ. 1741ರಲ್ಲಿ ಶುರುವಾದದ್ದು, ಇವತ್ತಿಗೂ ಜನ ಟಿಕೆಟ್ ತಗೊಂಡು ಅದರ ಹೂವು ನೋಡ್ತಾರೆ. ಅಲ್ಲಿ ಮಣ್ಣು ಹೊತ್ತವರು ಗುಲಾಮರು. ಇಂಥ ಗುಲಾಮರ ಎಸ್ಟೇಟುಗಳಲ್ಲೇ ಹೂ ಕಟ್ಟಿ ಮದುವೆ ಮಾಡೋದು ದೊಡ್ಡ ಫ್ಯಾಷನ್ನು. ಕಪ್ಪು ಜನರ ಹಕ್ಕುಗಳ ಸಂಘಟನೆಯೊಂದು ಪಟ್ಟು ಹಿಡಿದ ಮೇಲೆ, 2019ರಲ್ಲಿ ಪಿಂಟರೆಸ್ಟ್ ಅಂಥ ಮದುವೆಗಳ ಪ್ರಚಾರಕ್ಕೆ ಕಡಿವಾಣ ಹಾಕ್ತು. 2019! ಅಲ್ಲಿವರೆಗೂ ಯಾರಿಗೂ ಮುಜುಗರ ಆಗಿರಲಿಲ್ಲ.

ದುಡಿದವರಿಗೆ ನೆಲ ಸಿಗಲೇ ಇಲ್ವಾ? ಸಿಕ್ಕಿತ್ತು. 1865ರ ಜನವರಿಯಲ್ಲಿ ಜನರಲ್ ಶೆರ್ಮನ್ ಆದೇಶ ಹೊರಡಿಸಿ, ಕರಾವಳಿಯ ಜಮೀನನ್ನ ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆವರೆಗೂ ಕೊಡಿ ಅಂದ. ಜನ ಹೋಗಿ ಉತ್ತು ಬಿತ್ತಿದ್ರು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಜಮೀನನ್ನ ಹಳೇ ಒಡೆಯರಿಗೇ ವಾಪಸ್ ಕೊಡಿಸಿದ. ಆಮೇಲೆ ಕಷ್ಟಪಟ್ಟು ಕೊಂಡುಕೊಂಡವರದ್ದೂ ಉಳಿಯಲಿಲ್ಲ. ಉಯಿಲು ಬರೆಯದೆ ಸತ್ತ ಅಜ್ಜನ ಜಮೀನು ಮೊಮ್ಮಕ್ಕಳಿಗೆಲ್ಲ ಜಂಟಿ ಆಸ್ತಿ ಆಗುತ್ತೆ. ಒಬ್ಬನ ಪಾಲನ್ನ ರಿಯಲ್ ಎಸ್ಟೇಟಿನವನು ಕೊಂಡುಕೊಂಡು ಕೋರ್ಟಿಗೆ ಹೋದ್ರೆ ಇಡೀ ಜಮೀನೇ ಹರಾಜು! 1920ರಲ್ಲಿ ಅಮೆರಿಕದಲ್ಲಿ 9 ಲಕ್ಷಕ್ಕೂ ಹೆಚ್ಚು ಕಪ್ಪು ರೈತರಿದ್ರು. ಇವತ್ತು 50 ಸಾವಿರದ ಒಳಗೆ.

ಈಗ ಇನ್ನೊಂದು ತೋಟದ ಕಥೆ ಕೇಳಿ. ಅದೇ ಜಾರ್ಜಿಯಾದ ಈಟನ್ಟನ್ ಊರು. ಬಿಳಿಯರ ಜಮೀನನ್ನ ವಾರಕ್ಕೆ ಉಳುವ ಒಕ್ಕಲು ಕುಟುಂಬ. ಅಲ್ಲಿ 1944ರಲ್ಲಿ ಹುಟ್ಟಿದವರು ಆಲಿಸ್ ವಾಕರ್. 1974ರಲ್ಲಿ ಅವರು ತಮ್ಮ ತಾಯಿಯ ತೋಟದ ಬಗ್ಗೆ ಒಂದು ಲೇಖನ ಬರೆದ್ರು. ಎಂಥ ಹರಕು ಮನೆಯಲ್ಲಿ ಇರಬೇಕಾಗಿ ಬಂದ್ರೂ ಆ ತಾಯಿ ಅದರ ಸುತ್ತ ಹೂ ಬೆಳೆಸ್ತಿದ್ರು. ಐವತ್ತಕ್ಕೂ ಹೆಚ್ಚು ಬಗೆ. ಹೊಲಕ್ಕೆ ಹೋಗೋ ಮುಂಚೆ ನೀರು, ಹೊಲದಿಂದ ಬಂದ ಮೇಲೆ ಕಣ್ಣು ಕಾಣೋತನಕ ಗಿಡದ ಕೆಲಸ. ಗೊತ್ತಿಲ್ಲದವರೂ ಬಂದು ನೋಡಿ, ಒಂದೊಂದು ಕಡ್ಡಿ ಕೇಳ್ತಿದ್ರಂತೆ. ತಾನು ಬರೆಯೋ ಕಥೆಗಳಲ್ಲಿ ಎಷ್ಟೋ ಅವ್ವನ ಬಾಯಿಂದಲೇ ಬಂದವು ಅಂತಾರೆ ವಾಕರ್. ಅದೇ ತಾಯಿ, 'ನಿನ್ನ ಮಕ್ಕಳಿಗೆ ಶಾಲೆ ಯಾಕೆ' ಅಂದ ಬಿಳಿ ಜಮೀನ್ದಾರನ ಮೇಲೆ ಉರಿದು ಬೀಳ್ತಿದ್ರು.

ಈ ತಾಯಿ ನಮ್ಮ ಕೇರಿಯವಳಲ್ಲ ಅಂತ ಹೇಳಿ ನೋಡೋಣ!

ಆ ಸೀಮೆಯ ಕಪ್ಪು ಹೆಂಗಸರಿಗೆ ಅಂಗಳದಲ್ಲಿ ಒಂದೆಳೆ ಹುಲ್ಲೂ ಇರಬಾರದು. ಕಡ್ಡಿ ಪೊರಕೆಯಲ್ಲಿ ನೆಲ ಹೊಳೆಯೋ ಹಂಗೆ ಗುಡಿಸೋರು. ಆಫ್ರಿಕಾದಿಂದ ಬಂದ ರೂಢಿ ಅಂತಾರೆ. ಅಂಗಳದ ಅಂಚಿಗೆ ಹಳೇ ಟೈರು, ತೂತು ಬಿದ್ದ ತೊಟ್ಟಿ, ಅದರಲ್ಲಿ ಹೂವು. ಓದ್ತಾ ಓದ್ತಾ ನಂಗೆ ಅವ್ವನ ಡಾಲ್ಡಾ ಡಬ್ಬ, ಒಡೆದ ಬಿಂದಿಗೆ ನೆನಪಾಯ್ತು. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ನಾಯಕ ಡು ಬಾಯ್ಸ್‌ಗೆ ಪತ್ರ ಬರೆದಿದ್ದು ನಾವೆಲ್ಲ ಭಾಷಣದಲ್ಲಿ ಹೇಳ್ತೀವಿ. ಅಂಗಳಗಳ ಈ ನೆಂಟಸ್ತಿಕೆ ಮಾತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಸಂಗಾತಿ ಅಣ್ಣ, ನಿಮ್ಮ ಮಾತಲ್ಲಿ ಒಂದು ಅರ್ಥ ಇದೆ, ಒಪ್ತೀನಿ. ನಮಗೆ ಹೂವು ಅಂದ್ರೆ ಕೂಲಿ, ಇಲ್ಲಾ ಒಳಗೆ ಬಿಡದ ಗುಡಿ. ಅದಕ್ಕೆ ಸಿಟ್ಟು ಬರಬೇಕಾದ್ದೇ. ಆದ್ರೆ 'ಹೂವು ನಮ್ಮ ವಿಷಯ ಅಲ್ಲ' ಅಂದ ತಕ್ಷಣ ಲಾಭ ಯಾರಿಗೆ? ಚೆಂದ ಅವರದ್ದು, ಸಂಕಟ ಮಾತ್ರ ನಮ್ಮದು ಅಂತ ಪಾಲು ಮಾಡಿಕೊಟ್ಟಂಗೆ ಆಯ್ತಲ್ಲ. ನಾವು ಅಳೋದನ್ನ ಬರೆದ್ರೆ ಎಲ್ರೂ ಚಪ್ಪಾಳೆ ಹೊಡೀತಾರೆ. ಅವ್ವ ಯಾವ ಕಡ್ಡಿ ಯಾವ ಮಳೆಗೆ ನೆಡ್ತಾಳೆ ಅಂತ ಬರೆದ್ರೆ ನಮ್ಮವರೇ ನಗ್ತಾರೆ.

ಗುಂಡ್ಲುಪೇಟೆಯಿಂದ ಬಂಡೀಪುರಕ್ಕೆ ಹೋಗೋ ರಸ್ತೆ ನೋಡಿದ್ದೀರಲ್ಲ? ಮಳೆಗಾಲದಲ್ಲಿ ಎರಡೂ ಕಡೆ ಚೆಂಡುಹೂವು, ಸೂರ್ಯಕಾಂತಿ. ಕಾರು ನಿಲ್ಲಿಸಿ ಸೆಲ್ಫಿ ಹೊಡೆಯೋರಿಗೆ ಲೆಕ್ಕ ಇಲ್ಲ. ಆ ಚೆಂಡುಹೂವು ಬಣ್ಣ ತೆಗೆಯೋ ಫ್ಯಾಕ್ಟರಿಗೆ ಹೋಗುತ್ತೆ. ಅವ್ವ ಆ ಹೊಲಗಳಲ್ಲಿ ಎಷ್ಟೋ ವರ್ಷ ಕೂಲಿಗೆ ಹೂ ಕಿತ್ತಿದ್ದಾಳೆ. ಸಂಜೆ ಬಂದ್ರೆ ಬೆರಳೆಲ್ಲ ಅಂಟಂಟು, ಮುದ್ದೆ ಮುರಿದ್ರೂ ಚೆಂಡುಹೂವಿನ ಘಾಟು. ಆ ಸೆಲ್ಫಿಗಳಲ್ಲಿ ಒಂದರಲ್ಲೂ ಅವಳಿಲ್ಲ, ಫೋಟೋ ಚೆಂದ ಬರಲಿ ಅಂತ ಪಕ್ಕಕ್ಕೆ ಸರಿ ಅಂದಿದ್ದಾರೆ.

ತಾತನಿಗೆ ಮಂಜೂರಾಗಿದ್ದ 2 ಎಕರೆ ಇತ್ತು. ಕಾಯಿಲೆ ಸಾಲಕ್ಕೆ ಸರ್ಕಾರದ ಅನುಮತಿ ಇಲ್ಲದೆ ಕೈ ಬದಲಾಯ್ತು. ಪಿಟಿಸಿಎಲ್ ಕಾಯ್ದೆ ಬಂದದ್ದು 1978ರಲ್ಲಿ, ನಮಗೆ ಅದು ಗೊತ್ತಾಗಿದ್ದು ಬಹಳ ತಡವಾಗಿ. ಅರ್ಜಿ ಹಾಕಿದ್ರೆ 'ಲೇಟಾಯ್ತು' ಅಂತ ವಜಾ. 2023ರ ತಿದ್ದುಪಡಿಯಲ್ಲಿ ಕಾಲಮಿತಿ ಇಲ್ಲ ಅಂತ ಬಂದ ಮೇಲೆ ಮತ್ತೆ ಹಾಕಿದ್ದೀವಿ. ಪ್ರತಿ ವಾಯಿದೆಗೂ ಅವ್ವ ಬರ್ತಾಳೆ, ಮುಡಿಯಲ್ಲಿ ಅದೇ ಕನಕಾಂಬರ. ಜಮೀನು ಬಂದ್ರೆ ಏನು ಹಾಕ್ತೀಯ ಅಂತ ಕೇಳಿದ್ರೆ, 'ಅರ್ಧ ರಾಗಿ, ಅರ್ಧ ಹೂವು. ನಾನೇ ಕಿತ್ತು ನಾನೇ ಮಾರ್ಕೊತೀನಿ' ಅಂತಾಳೆ.

ಕಾಮೆಂಟಲ್ಲಿ ನಿಮ್ಮ ಕೇರಿಯ ಹಿತ್ತಲ ಹೂಗಳ ಹೆಸರು ಬರೀರಿ. ಯಾರು ನೆಟ್ಟಿದ್ದು, ಕಡ್ಡಿ ಯಾರ ಮನೆಯಿಂದ ಬಂತು ಅನ್ನೋದೂ ಇರಲಿ. ಕೈ ತಪ್ಪಿದ ಮಂಜೂರು ಜಮೀನು ಇದ್ರೆ ಸರ್ವೆ ನಂಬರ್ ಇನ್‌ಬಾಕ್ಸ್‌ಗೆ ಕಳಿಸಿ, ಅರ್ಜಿ ಬರೆಯೋಕೆ ಗೆಳೆಯರಿದ್ದಾರೆ.

ಜೈ ಭೀಮ್.