ಎಂಥ ಆಗ್ತದೋ ಮಾರಾಯ!

ಓದುಗ ದೊರೆಗಳೇ, ಸಿನಿಮಾ ಪತ್ರಿಕೆಯಲ್ಲಿ ಫುಟ್‌ಬಾಲ್ ಯಾಕಪ್ಪಾ ಅಂತ ಹುಬ್ಬೇರಿಸಬೇಡಿ. ಪುಟ ತಿರುಗಿಸೋಕೆ ಮೊದಲು ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ಮೆಚ್ಚಿನ ನಟನ ಹೊಸ ಚಿತ್ರದ ಮೊದಲ ದಿನ, ಮೊದಲ ಆಟ. ಟಿಕೆಟ್ ಜೇಬಿನಲ್ಲಿದೆ, ದೀಪ ಆರಿದೆ, ಪರದೆ ಇನ್ನೂ ಬೆಳಗಿಲ್ಲ. ಆ ಅರ್ಧ ನಿಮಿಷ ನಿಮ್ಮ ಹೊಟ್ಟೆಯೊಳಗೆ ಏನಾಗುತ್ತದೆ? ‘ಚಿತ್ರ ಗೆಲ್ಲುತ್ತಾ? ಮಕಾಡೆ ಮಲಗುತ್ತಾ?’ ಅಂತ ಒಂದು ಚಿಟ್ಟೆ ರೆಕ್ಕೆ ಬಡಿಯುತ್ತದಲ್ಲ, ಅದೇ ಚಿಟ್ಟೆಯ ಬಗ್ಗೆ ಈ ವಾರ ಬರೀತಿದ್ದೀನಿ.

ಸಿನಿಮಾದಲ್ಲಿ ನಮಗೊಂದು ಸಮಾಧಾನವುಂಟು. ನಾಯಕ ಎಷ್ಟೇ ಒದೆ ತಿಂದರೂ ಕ್ಲೈಮ್ಯಾಕ್ಸಿನಲ್ಲಿ ಎದ್ದು ನಿಲ್ಲುತ್ತಾನೆ ಅನ್ನೋದು ಗಾಂಧಿ ಕ್ಲಾಸಿನವನಿಗೂ ಗೊತ್ತು. 1995ರ ‘ಓಂ’ ಚಿತ್ರ ಎಷ್ಟು ಸಲ ಮರುಬಿಡುಗಡೆಯಾದರೂ ಜನ ನುಗ್ಗಿದರು, ಮುಂದಿನ ದೃಶ್ಯ ಬಾಯಿಪಾಠವಿದ್ದರೂ ಶಿಳ್ಳೆ ಹೊಡೆದರು. ಫುಟ್‌ಬಾಲಿನಲ್ಲಿ ಆ ಭಾಗ್ಯವಿಲ್ಲ ಸ್ವಾಮಿ. ಅಲ್ಲಿ ನಾವು ನೋಡ್ತಿರುವಾಗಲೇ ಶೂಟಿಂಗ್ ನಡೀತಿರುತ್ತದೆ, ನಿರ್ದೇಶಕನೇ ಇಲ್ಲ, ಕಥೆ ಬರೆದವನೂ ಇಲ್ಲ. ನಾಯಕ ಸತ್ತರೆ ಸತ್ತ!

ಅದರಲ್ಲೂ ಎದೆ ಒಡೆಯುವ ಪಿಕ್ಚರ್ ಯಾವುದು ಗೊತ್ತಾ? ಬಡ್ತಿಯ ಓಟ. ಕೆಳಗಿನ ಡಿವಿಷನ್ನಿನ ಟೀಮು ಸೀಸನ್ನಿಡೀ ಆಡಿ, ಮೇಲಿನ ಡಿವಿಷನ್ನಿಗೆ ಏರುವುದು. ಗೆದ್ದರೆ 3 ಅಂಕ, ಸಮವಾದರೆ 1, ಸೋತರೆ ಸೊನ್ನೆ. ತಿಂಗಳುಗಟ್ಟಲೆ ಕೂಡಿಸಿದ ಈ ಚಿಲ್ಲರೆ ಲೆಕ್ಕದ ತುದಿಯಲ್ಲಿ ಒಂದೋ ಎರಡೋ ಟೀಮಿಗೆ ಮಾತ್ರ ಮೇಲಿನ ಬಾಗಿಲು ತೆರೆಯುತ್ತದೆ. ಉಳಿದವರಿಗೆ ‘ಮುಂದಿನ ವರ್ಷ ಬನ್ನಿ’ ಅನ್ನುವ ಬೋರ್ಡು.

ನಾನು ಸಿದ್ದಾಪುರದವನು. ಕೊಡಗು ಅಂದಕೂಡಲೇ ನೀವೆಲ್ಲ ಹಾಕಿ ಅಂತೀರಿ. ಸರಿಯೇ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ಟೀಮುಗಳ ಜಾತ್ರೆಯಾಯಿತು. ಆದರೆ ನಮ್ಮ ಸಿದ್ದಾಪುರ, ನೆಲ್ಲಿಹುದಿಕೇರಿ, ಸುಂಟಿಕೊಪ್ಪದ ಕಡೆ ಬನ್ನಿ, ಕಾಲ್ಚೆಂಡಿನ ಹುಚ್ಚು ಕಾಣುತ್ತದೆ. ಸುಂಟಿಕೊಪ್ಪದ ಗೋಲ್ಡ್ ಕಪ್ ಅಂದರೆ ನಮ್ಮ ಹುಡುಗರಿಗೆ ಹಬ್ಬ. ಮಲಬಾರಿನಿಂದ ಬಂದು ನೆಲೆಸಿದವರು, ತೋಟದ ಲೈನ್ ಮನೆಯವರು, ಪೇಟೆಯ ಅಂಗಡಿಯವರು ಎಲ್ಲ ಒಂದೇ ಗೆರೆಯ ಹೊರಗೆ ನಿಂತು ಕೂಗುತ್ತಾರೆ. ಕಟೌಟಿನ ಮಾತು ಬಂದರೆ ನಾವು ಸಿನಿಮಾದವರೇ ಗುರುಗಳು ಅಂದುಕೊಂಡಿದ್ದೆವು. 2022ರ ವಿಶ್ವಕಪ್ಪಿನ ಹೊತ್ತಿಗೆ ಕೋಯಿಕ್ಕೋಡು ಜಿಲ್ಲೆಯ ಪುಳ್ಳಾವೂರಿನಲ್ಲಿ ಹೊಳೆಯ ನಡುವೆಯೇ ಮೆಸ್ಸಿಗೆ 30 ಅಡಿ, ನೇಮಾರ್‌ಗೆ 40 ಅಡಿ ಕಟೌಟ್ ನಿಲ್ಲಿಸಿ ನಮ್ಮ ಮೀಸೆ ಇಳಿಸಿಬಿಟ್ಟರು!

ಬಡ್ತಿಯ ಓಟ ಬಿಸಿಯೇರುವುದು ಮಾರ್ಚಿ, ಏಪ್ರಿಲ್ ಹೊತ್ತಿಗೆ. ನಮ್ಮಲ್ಲಿ ಕಾಫಿ ತೋಟದವರು ಆಕಾಶ ನೋಡ್ತಾ ಕೂರುವುದೂ ಹೆಚ್ಚುಕಡಿಮೆ ಅದೇ ಕಾಲ. ಹೂಮಳೆ ಬೇಕು. ರೊಬಸ್ಟಾ ಗಿಡದಲ್ಲಿ ಮೊಗ್ಗು ಕಾದು ಕೂತಿರುತ್ತದೆ, ಹದವಾದ ಒಂದು ಮಳೆ ಬಿದ್ದರೆ ತೋಟವಿಡೀ ಬೆಳ್ಳಗಾಗಿ ಮಲ್ಲಿಗೆಯಂತೆ ಘಮ್ಮೆನ್ನುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ವಾರದಲ್ಲಿ ಇನ್ನೊಂದು ಮಳೆ ಬಂದರೇ ಕಾಯಿ ನಿಲ್ಲುವುದು. ಬರಲಿಲ್ಲವೋ, ಹೂವೆಲ್ಲ ದಂಡ. ಫುಟ್‌ಬಾಲಿನಲ್ಲೂ ಹಾಗೇ ನೋಡಿ. ಸೀಸನ್ನಿನ ಮೊದಲರ್ಧ ಗೆದ್ದದ್ದು ಹೂವು ಮಾತ್ರ. ಕೊನೆಯ ನಾಲ್ಕು ಪಂದ್ಯ ಗೆದ್ದರೇ ಕಾಯಿ.

ಈ ಕಾಲದಲ್ಲಿ ಅಭಿಮಾನಿಗಳಲ್ಲಿ ಎರಡು ಜಾತಿ ಹುಟ್ಟುತ್ತದೆ. ಒಬ್ಬ ‘ಎಂಥ ಆಗ್ತದೋ ಮಾರಾಯ’ ಅನ್ನುವವನು. ಟೀಮು ಎರಡು ಗೋಲಿನಿಂದ ಮುಂದಿದ್ದರೂ ಇವನ ಮುಖ ನೋಡಿದರೆ ಯಾರೋ ತೀರಿಕೊಂಡ ಹಾಗೆ. ಇನ್ನೊಬ್ಬ ‘ಏನೂ ಆಗಲ್ಲ ಬಿಡೋ, ನಮ್ದೇ’ ಅನ್ನುವವನು. ಟೀಮು ಎರಡು ಗೋಲು ಹಿಂದಿದ್ದರೂ ಪರೋಟ ಹರಿದು ಸಾರಿಗೆ ಅದ್ದುತ್ತಾ ಕೂತಿರುತ್ತಾನೆ. ತಮಾಷೆ ಏನೆಂದರೆ, ಮೊದಲನೆಯವನು ಒಳಗೊಳಗೇ ಗೆಲುವನ್ನು ನಂಬಿರುತ್ತಾನೆ. ಹೇಳಿದರೆ ದೃಷ್ಟಿ ತಾಗೀತು ಅಂತ ಬಾಯಿ ಬಿಡುವುದಿಲ್ಲ. ಎರಡನೆಯವನಿಗೆ ಒಳಗೆ ಗಡಗಡ. ಅದು ಹೊರಗೆ ಕೇಳದಿರಲಿ ಅಂತಲೇ ಅಷ್ಟು ದೊಡ್ಡ ಗಂಟಲು.

2023-24ರ ಐ-ಲೀಗ್ 2 ಅನ್ನೇ ತಗೊಳ್ಳಿ. ನಮ್ಮ ರಾಜ್ಯದ ಎಸ್‌ಸಿ ಬೆಂಗಳೂರು ಆ ಓಟದಲ್ಲಿತ್ತು, ಎಫ್‌ಸಿ ಬೆಂಗಳೂರು ಯುನೈಟೆಡ್ ಕೂಡ ಇತ್ತು. ಸುನಿಲ್ ಛೇತ್ರಿಯ ಬೆಂಗಳೂರು ಎಫ್‌ಸಿಗೆ ಈ ಏಣಿ ಹತ್ತುವ ಕಷ್ಟ ಬರಲಿಲ್ಲ. ಅದು 2013ರಲ್ಲಿ ನೇರವಾಗಿ ಮೇಲಿನ ಲೀಗಿಗೇ ಬಂದು, ಮೊದಲ ಸೀಸನ್ನಿನಲ್ಲೇ ಚಾಂಪಿಯನ್ ಆಯಿತು. ಸ್ಟಾರ್ ಮಗನ ಮೊದಲ ಚಿತ್ರವೇ ಶತದಿನ ಓಡಿದ ಹಾಗೆ! ಈ ಇಬ್ಬರದು ಹೊಸಬರ ಪಾಡು. ಕಟೌಟಿಲ್ಲ, ಬ್ಯಾನರಿಲ್ಲ. ಸಿದ್ದಾಪುರದಲ್ಲಿ ನಾವು ನಾಲ್ಕು ಜನ ಒಂದು ಫೋನಿನ ಸುತ್ತ ತಲೆಗೆ ತಲೆ ತಾಗಿಸಿ ನೋಡ್ತಿದ್ದೆವು. ಸರಿಯಾಗಿ ಕಾರ್ನರ್ ಕಿಕ್ ಹೊತ್ತಿಗೆ ನೆಟ್‌ವರ್ಕ್ ಹೋಗುತ್ತಿತ್ತು. ಆ ಚಕ್ರ ತಿರುಗುತ್ತದಲ್ಲ, ಅದರಷ್ಟು ಸಸ್ಪೆನ್ಸ್ ಯಾವ ನಿರ್ದೇಶಕನೂ ಕೊಟ್ಟಿಲ್ಲ!

ಹೋಟೆಲಿನ ಇಕ್ಕ ನಮ್ಮನ್ನು ನೋಡಿ ನಗುತ್ತಿದ್ದರು. “ಬ್ಲಾಸ್ಟರ್ಸ್ ಮ್ಯಾಚ್ ಬಿಟ್ಟು ಇದೆಂಥ ನೋಡ್ತೀರಿ ಮಕ್ಕಳೇ?” ಅಂತ.

“ಇಕ್ಕಾ, ಇದು ಮೇಲೆ ಹೋಗೋ ಟೀಮು.”

“ಹೋದ ಮೇಲೆ ಹೇಳಿ. ಅಲ್ಲಿ ತನಕ ಚಾಯದ ದುಡ್ಡು ಕೊಡಿ.”

ಕೊನೆಗೆ ಹೋಯಿತು! ಎಸ್‌ಸಿ ಬೆಂಗಳೂರು ಚಾಂಪಿಯನ್ ಆಗಿ, ಎರಡನೆಯ ಸ್ಥಾನದ ಗೋವಾದ ಡೆಂಪೊ ಜೊತೆಗೆ ಐ-ಲೀಗಿಗೆ ಏರಿತು. ಆ ವಾರಗಳಲ್ಲಿ ನಾವು ಮಾಡಿದ ಲೆಕ್ಕವನ್ನು ಶಾಲೆಯಲ್ಲಿ ಮಾಡಿದ್ದರೆ ಈಗ ಬ್ಯಾಂಕಿನಲ್ಲಿರುತ್ತಿದ್ದೆವು. ‘ಅವರು ಸೋತು, ಇವರು ಡ್ರಾ ಮಾಡಿ, ನಾವು ಒಂದು ಗೋಲಿನಲ್ಲಿ ಗೆದ್ದರೆ...’ ಅಂತ ಸಿಗರೇಟ್ ಪ್ಯಾಕಿನ ಹಿಂದೆಲ್ಲ ಗೀಚಿದ್ದು. ಒಬ್ಬ ಗೆದ್ದ ದಿನದ ಅಂಗಿಯನ್ನು ಒಗೆಯಲಿಲ್ಲ. ಇನ್ನೊಬ್ಬ ಅದೇ ಕುರ್ಚಿ ಬೇಕೆಂದು ಗಿರಾಕಿಯನ್ನು ಎಬ್ಬಿಸಿದ. ನಗಬೇಡಿ. ಬಿಡುಗಡೆಯ ದಿನ ಕಟೌಟಿಗೆ ತೆಂಗಿನಕಾಯಿ ಒಡೆಯುವವರು ನೀವೇ ತಾನೇ? ಆಟ ನಮ್ಮ ಕೈಯಲ್ಲಿಲ್ಲದಾಗ ಅಂಗಿಯನ್ನಾದರೂ ಕೈಯಲ್ಲಿಟ್ಟುಕೊಳ್ಳೋಣ ಅನ್ನಿಸುತ್ತದೆ. ಅಷ್ಟೇ.

ಆದರೆ ಒಬ್ಬರ ಶತದಿನೋತ್ಸವ ಇನ್ನೊಬ್ಬರ ಫ್ಲಾಪು. 2018ರ ಮೇ ತಿಂಗಳು ನೆನಪಿದೆಯಾ? ಎರಡನೆಯ ಡಿವಿಷನ್ನಿನ ಕೊನೆಯ ಸುತ್ತು ಬೆಂಗಳೂರಿನಲ್ಲೇ ನಡೆಯಿತು. ನಮ್ಮದೇ ಊರಿನ ಓಝೋನ್ ಕಣದಲ್ಲಿತ್ತು. ತವರಿನ ನೆಲ, ತವರಿನ ಗಾಳಿ. ಆದರೆ ಮೇ 30ರಂದು ಹಿಂದೂಸ್ತಾನ್ ಎಫ್‌ಸಿಯನ್ನು 3-2ರಿಂದ ಸೋಲಿಸಿ ಏಣಿ ಹತ್ತಿದ್ದು ಶ್ರೀನಗರದ ರಿಯಲ್ ಕಾಶ್ಮೀರ್. 2016ರಲ್ಲಿ ಹುಟ್ಟಿದ ಕ್ಲಬ್ಬು, ಸ್ಕಾಟ್ಲೆಂಡಿನ ಡೇವಿಡ್ ರಾಬರ್ಟ್‌ಸನ್ ಕೋಚು. ಕಾಶ್ಮೀರದಿಂದ ಆ ಮಟ್ಟಕ್ಕೆ ಏರಿದ ಮೊದಲ ಟೀಮು. ನಮ್ಮವರು ಸೋತ ಬೇಸರದಲ್ಲೂ ಚಪ್ಪಾಳೆ ಹೊಡೆಯುವ ಕಥೆ ಅದು.

ಇನ್ನು ಹೊರದೇಶದ ಒಂದು ರೀಲು ಹೇಳಲೇಬೇಕು. 2013ರ ಮೇ 12, ಇಂಗ್ಲೆಂಡಿನ ವಾಟ್‌ಫರ್ಡ್. ಎದುರಿಗೆ ಲೆಸ್ಟರ್. ಬಡ್ತಿಗಾಗಿ ಸೆಮಿಫೈನಲ್. ಎರಡು ಪಂದ್ಯ ಸೇರಿ ಲೆಕ್ಕ 2-2. ಹೆಚ್ಚುವರಿ ನಿಮಿಷಗಳೂ ಮುಗಿಯುತ್ತ ಬಂದಾಗ ಲೆಸ್ಟರ್‌ಗೆ ಪೆನಾಲ್ಟಿ! ಹಾಕಿದರೆ ಫೈನಲ್. ಆಂಥೊನಿ ನೊಕಾರ್ ಒದ್ದ, ಗೋಲಿ ಅಲ್ಮೂನಿಯಾ ತಡೆದ. ಚೆಂಡು ಪುಟಿದು ಬಂತು, ಮತ್ತೆ ಒದ್ದ, ಮತ್ತೆ ತಡೆದ. ಚೆಂಡು ಮೈದಾನದ ಈ ತುದಿಯಿಂದ ಆ ತುದಿಗೆ ಓಡಿತು, ಟ್ರಾಯ್ ಡೀನಿ ಬಾರಿಸಿದ... ಗೋಲ್! ಅರ್ಧ ನಿಮಿಷದೊಳಗೆ ಸ್ವರ್ಗ ಇದ್ದವರಿಗೆ ನರಕ, ನರಕ ಇದ್ದವರಿಗೆ ಸ್ವರ್ಗ. ಇಂಥ ಕ್ಲೈಮ್ಯಾಕ್ಸನ್ನು ಸಿನಿಮಾದಲ್ಲಿ ಇಟ್ಟರೆ ‘ಓವರ್ ಆಯ್ತು ಗುರು’ ಅಂತ ನಾವೇ ಶಿಳ್ಳೆ ಹಾಕಿ ಕಳಿಸುತ್ತಿದ್ದೆವು.

ಆಮೇಲೇನಾಯ್ತು ಕೇಳಿ. ಗೆದ್ದ ವಾಟ್‌ಫರ್ಡ್ ಫೈನಲ್ಲಿನಲ್ಲಿ ಸೋತು ಕೆಳಗೇ ಉಳಿಯಿತು. ಅತ್ತುಕೊಂಡು ಮನೆಗೆ ಹೋದ ಲೆಸ್ಟರ್ ಮರುವರ್ಷವೇ, 2014ರಲ್ಲಿ, ಮೇಲೇರಿತು. 2016ರಲ್ಲಿ ಇಡೀ ಇಂಗ್ಲೆಂಡಿಗೇ ಚಾಂಪಿಯನ್! ಇಂಟರ್‌ವಲ್ಲನ್ನೇ ‘ಶುಭಂ’ ಅಂದುಕೊಂಡು ಎದ್ದುಹೋಗುವವನಿಗೆ ಆ ದ್ವಿತೀಯಾರ್ಧ ಸಿಗುತ್ತಾ?

ನಮ್ಮ ದೇಶದಲ್ಲಿ ಇನ್ನೂ ವಿಚಿತ್ರ. ಇಲ್ಲಿ ಶಿಳ್ಳೆ ಊದಿದ ಮೇಲೂ ಪಿಕ್ಚರ್ ಮುಗಿಯುವುದಿಲ್ಲ. 2024-25ರ ಐ-ಲೀಗ್ ಏಪ್ರಿಲ್‌ನಲ್ಲಿ ಮುಗಿದಾಗ ಚರ್ಚಿಲ್ ಬ್ರದರ್ಸ್ 40 ಅಂಕ, ಇಂಟರ್ ಕಾಶಿ 39. ಆದರೆ ನಾಮಧಾರಿ ಟೀಮು ಅರ್ಹತೆಯಿಲ್ಲದ ಆಟಗಾರನನ್ನು ಆಡಿಸಿತು ಅನ್ನುವ ತಕರಾರು ಬಾಕಿಯಿತ್ತು. ಮೊದಲು ಚರ್ಚಿಲ್ ಗೆದ್ದಿತು ಅಂದರು. ಕೇಸು ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋಗಿ, ಜುಲೈಯಲ್ಲಿ ಇಂಟರ್ ಕಾಶಿಯೇ ಚಾಂಪಿಯನ್ ಅಂತ ತೀರ್ಪಾಯಿತು. ಮೂರು ತಿಂಗಳು ಎರಡು ಊರಿನ ಅಭಿಮಾನಿಗಳು ಉಗುರು ಕಚ್ಚುತ್ತ ವಕೀಲರ ಆಟ ನೋಡಿದರು. ಕೋರ್ಟು ಸೀನು ಇಷ್ಟು ಉದ್ದ ಇಟ್ಟರೆ ನಮ್ಮ ಗಾಂಧಿನಗರದಲ್ಲಿ ವಿತರಕರು ಡಬ್ಬ ಮುಟ್ಟುತ್ತಿರಲಿಲ್ಲ.

ಅದೇ ಸೀಸನ್ನಿನಲ್ಲಿ ನಮ್ಮ ಎಸ್‌ಸಿ ಬೆಂಗಳೂರು ಏನಾಯಿತು ಅಂತೀರಾ? ಏರಿದ ವರ್ಷವೇ ಮತ್ತೆ ಕೆಳಗಿಳಿಯಿತು. ಅದಕ್ಕೂ ಮೊದಲು ಬೆಂಗಳೂರಿನ ಎಚ್‌ಎಎಲ್ ಟೀಮು 2010ರಲ್ಲಿ ಬಡ್ತಿ ಪಡೆದು, 2012ರಲ್ಲಿ ಇಳಿದಿತ್ತು. ಪಂಜಾಬಿನ ಜೆಸಿಟಿ ಕಥೆ ಇನ್ನೂ ಕರುಳು ಹಿಂಡುವಂಥದ್ದು. 1996-97ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಟೀಮದು. 2011ರಲ್ಲಿ ಕೆಳಗಿಳಿಯಿತು, ಅದೇ ವರ್ಷ ಯಜಮಾನರು ಟೀಮನ್ನೇ ಮುಚ್ಚಿದರು. ಹೀಗಾಗಿ ‘ಆಟ ತಾನೇ, ಇಷ್ಟೊಂದು ಟೆನ್ಷನ್ ಯಾಕೆ’ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಆ ಒಂದು ಮೆಟ್ಟಿಲಿನ ಮೇಲೆ ಇಪ್ಪತ್ತೈದು ಮೂವತ್ತು ಹುಡುಗರ ಅನ್ನ ಕೂತಿರುತ್ತದೆ.

ಅನ್ನದ ಮಾತು ಬಂತು, ಒಂದು ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಗುಂಪಿನಲ್ಲಿ ಲೈನ್ ಮನೆಯ ಹುಡುಗನೊಬ್ಬನಿದ್ದಾನೆ. ಬ್ಯಾಕ್ ಆಡುತ್ತಾನೆ, ಮಾತು ಕಡಿಮೆ. ಬೆಂಗಳೂರು ಟೀಮು ಮೇಲೇರಿದ ದಿನ ನಾವೆಲ್ಲ ಕುಣೀತಿದ್ದಾಗ ನನ್ನ ಪಕ್ಕ ಬಂದು ಕೇಳಿದ, “ಅಣ್ಣಾ, ಇಲ್ಲಿ ಆಡುವವರನ್ನು ಆ ಟೀಮಿನವರು ನೋಡ್ತಾರಾ?” ನಾನು “ನೋಡ್ಲೇಬೇಕು, ನೀನು ಆಡ್ತಾ ಇರು” ಅಂದೆ. ಹೇಳುವಾಗ ನನ್ನ ಗಂಟಲು ಸ್ವಲ್ಪ ಕಟ್ಟಿತು ಅನ್ನಿ. ನಾವು ಕುಣಿದದ್ದು ಒಂದು ಕಪ್ಪಿಗಾಗಿ. ಅವನು ನೋಡುತ್ತಿದ್ದದ್ದು ಏಣಿಯನ್ನು. ಹಾಕಿಯಲ್ಲಿ ಕೊಡಗಿನ ಹುಡುಗನಿಗೆ ಆ ಏಣಿ ಎಲ್ಲಿದೆ ಅಂತ ಗೊತ್ತು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ತಂದ, 1973ರ ವಿಶ್ವಕಪ್ಪಿನಲ್ಲಿ ನಾಯಕನಾಗಿ ಬೆಳ್ಳಿ ತಂದ ಎಂ.ಪಿ. ಗಣೇಶ್ ನಮ್ಮವರೇ. ಅವರೂ ಹಾಕಿಗೆ ಬರುವ ಮೊದಲು ಫುಟ್‌ಬಾಲ್ ಒದ್ದವರು! ಫುಟ್‌ಬಾಲಿನಲ್ಲಿ ಆ ಏಣಿ ಕಾಣಬೇಕಾದರೆ ನಮ್ಮ ರಾಜ್ಯದ ಟೀಮುಗಳು ಏರುತ್ತಾ ಇರಬೇಕು, ಏರಿದ್ದು ಜಾರದೆ ನಿಲ್ಲಬೇಕು.

ಆದ್ದರಿಂದ ಗೆಳೆಯರೇ, ಹೆದರಿಕೆ ಆದರೆ ಆಗಲಿ, ಪ್ರೀತಿ ಇರುವ ಕಡೆ ಹೆದರಿಕೆ ಇದ್ದೇ ಇರುತ್ತದೆ. ಧೈರ್ಯ ಬಂದರೆ ಬರಲಿ, ಆದರೆ ಆ ಧೈರ್ಯದ ಮೇಲೆ ದುಡ್ಡು ಕಟ್ಟಬೇಡಿ. ಬಾಜಿ ಕಟ್ಟಿದವನು ಆಟ ನೋಡುವುದಿಲ್ಲ, ತನ್ನ ಜೇಬು ನೋಡುತ್ತಾನೆ. ಪೆನಾಲ್ಟಿ ತಪ್ಪಿಸಿದ ಹುಡುಗನ ತಾಯಿಯನ್ನು ಬೈಯಬೇಡಿ, ಅವಳೂ ಎಲ್ಲೋ ಕೂತು ಉಗುರು ಕಚ್ಚುತ್ತಿರುತ್ತಾಳೆ. 2022ರ ‘ಕಾಂತಾರ’ ಕನ್ನಡದಲ್ಲಿ ಮೊದಲು ತೆರೆಕಂಡು, ವಾರಗಳಲ್ಲಿ ದೇಶವಿಡೀ ಓಡಿತಲ್ಲ, ಅದನ್ನು ಮೊದಲ ದಿನವೇ ಕೈಹಿಡಿದವರು ಯಾರು? ನಿಮ್ಮಂಥವರೇ. ಸಣ್ಣ ಟೀಮಿಗೂ ಅಂಥ ಮೊದಲ ದಿನದವರು ಬೇಕು. ಗ್ಯಾಲರಿಯಲ್ಲಿ ಇನ್ನೂರೇ ಜನರಿದ್ದರೂ ಇನ್ನೂರೂ ಗಂಟಲು ತೆಗೆದರೆ ಆ ಹುಡುಗರ ಕಾಲಿಗೆ ಬಲ ಬರುತ್ತದೆ.

ಈ ಪತ್ರಿಕೆ ಮಡಚಿ ಜೇಬಿಗಿಟ್ಟು ನೀವು ಹತ್ತುವ ಬಸ್ಸು ಎಲ್ಲಿಗಾದರೂ ಹೋಗಲಿ, ಸಿದ್ದಾಪುರದ ಮೇಲೆ ಹಾದುಹೋದರೆ ಇಳಿಯಿರಿ. ಚಾಯ ನನ್ನ ಲೆಕ್ಕ. ಅಂಕದ ಪಟ್ಟಿ ಹಿಡಿದು ಲೆಕ್ಕ ಹಾಕೋಣ. ಎಂಥ ಆಗ್ತದೋ, ನೋಡೇ ಬಿಡೋಣ ಮಾರಾಯ್ರೇ!