ಆಡದೆ ಉಳಿದ ಅಂತಿಮ ಪಂದ್ಯ

1974ರ ಡೇವಿಸ್ ಕಪ್ ಟೆನಿಸ್ಸಿನ ಅಂತಿಮ ಪಂದ್ಯದಲ್ಲಿ ಒಂದು ಚೆಂಡೂ ಬಲೆಯನ್ನು ದಾಟಲಿಲ್ಲ. ಒಂದು ಕಡೆ ಭಾರತ, ಇನ್ನೊಂದು ಕಡೆ ದಕ್ಷಿಣ ಆಫ್ರಿಕ. ವರ್ಣಭೇದವನ್ನೇ ಶಾಸನವನ್ನಾಗಿ ಮಾಡಿಕೊಂಡ ದೇಶದೊಡನೆ ಆಡಲಾಗದೆಂದು ಭಾರತ ಹಿಂದೆ ಸರಿಯಿತು. ಕಪ್ ದಕ್ಷಿಣ ಆಫ್ರಿಕದ ಪಾಲಾಯಿತು.

ಈ ನಿರಾಕರಣೆಯ ಬೆಲೆ ತಿಳಿಯಬೇಕಾದರೆ ಭಾರತದ ತಂಡ ಅಲ್ಲಿಯವರೆಗೆ ನಡೆದು ಬಂದ ಹಾದಿಯನ್ನು ನೆನೆಯಬೇಕು. ಆಗಿನ್ನೂ ಡೇವಿಸ್ ಕಪ್ಪಿನಲ್ಲಿ ಟೈಬ್ರೇಕರ್ ಪದ್ಧತಿ ಬಂದಿರಲಿಲ್ಲ. ಇಬ್ಬರಲ್ಲೊಬ್ಬರು ಸೋಲುವವರೆಗೂ ಸೆಟ್ಟು ಬೆಳೆಯುತ್ತಲೇ ಹೋಗುತ್ತಿತ್ತು. ಕಲ್ಕತ್ತೆಯಲ್ಲಿ ಆಸ್ಟ್ರೇಲಿಯದ ಮೇಲೆ ಆಡಿದ ಐದು ಪಂದ್ಯಗಳಲ್ಲಿ ಒಟ್ಟು 327 ಗೇಮುಗಳು ನಡೆದವು. ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರು ಡಬಲ್ಸ್ ಗೆಲ್ಲಲು 99 ಗೇಮುಗಳಷ್ಟು ಹೋರಾಡಿದರು. ಮೊದಲನೆಯ ಸೆಟ್ಟೇ 17-15. ಆಸ್ಟ್ರೇಲಿಯವನ್ನು 3-2ರಿಂದ ಮಣಿಸಿದ ತಂಡ ಅನಂತರ ಪುಣೆಯಲ್ಲಿ ಸೋವಿಯತ್ ತಂಡವನ್ನೂ ಸೋಲಿಸಿತು. ವಿಜಯ್ ಅಮೃತರಾಜರಿಗೆ ಆಗ ಇಪ್ಪತ್ತೇ ವರ್ಷ. ಅಷ್ಟು ಬೆವರು ಸುರಿಸಿ ಬಂದ ತರುಣರಿಗೆ "ಇನ್ನು ಸಾಕು, ಆಡಬೇಡಿ" ಎಂದು ಹೇಳುವುದು ಸುಲಭದ ಮಾತಲ್ಲ. 1966ರಲ್ಲಿ ಅಂತಿಮ ಪಂದ್ಯ ತಲುಪಿ ಸೋತಿದ್ದ ಭಾರತ 1987ರಲ್ಲಿ ಮತ್ತೊಮ್ಮೆ ತಲುಪಿ ಸ್ವೀಡನ್ನಿಗೆ ಸೋತಿತು. ಕಪ್ ಇಂದಿಗೂ ಭಾರತಕ್ಕೆ ಬಂದಿಲ್ಲ.

ಆಟಕ್ಕೂ ರಾಜಕೀಯಕ್ಕೂ ಏನು ಸಂಬಂಧ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರಿಗೆ ಪಾಪ್ವಾ ಸ್ಯೂಗೋಲಂ ಎಂಬಾತನ ಕಥೆಯನ್ನು ಹೇಳಬೇಕು. ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತ್ಯದಲ್ಲಿ ಹುಟ್ಟಿದ ಭಾರತೀಯ ಮೂಲದ ಬಡವ; ಗಾಲ್ಫ್ ಮೈದಾನದಲ್ಲಿ ಸಿರಿವಂತರ ಕೋಲುಗಳ ಚೀಲ ಹೊರುತ್ತಿದ್ದವ. ನೋಡಿ ನೋಡಿಯೇ ಆಟ ಕಲಿತ. ಕೋಲು ಹಿಡಿಯುವಾಗ ಅವನ ಕೈಗಳು ಉಳಿದವರ ಕೈಗಳಿಗಿಂತ ತಿರುವುಮುರುವು. ಆ ವಿಚಿತ್ರವಾದ ಹಿಡಿತದಲ್ಲೇ ಹಾಲೆಂಡಿಗೆ ಹೋಗಿ ಅಲ್ಲಿನ ಪ್ರಶಸ್ತಿಯನ್ನು ಗೆದ್ದು ಬಂದ. 1963ರಲ್ಲಿ ತನ್ನದೇ ಊರಾದ ಡರ್ಬಾನಿನಲ್ಲಿ ನಟಾಲ್ ಓಪನ್ ಗೆದ್ದಾಗ ಮಳೆ ಸುರಿಯುತ್ತಿತ್ತು. ಬಿಳಿಯರು ಕ್ಲಬ್ಬಿನ ಕಟ್ಟಡದೊಳಗೆ ಬೆಚ್ಚಗಿದ್ದರು. ಗೆದ್ದವನಿಗೆ ಮಾತ್ರ ಒಳಗೆ ಕಾಲಿಡುವ ಹಕ್ಕಿರಲಿಲ್ಲ. ಹೊರಗೆ ಮಳೆಯಲ್ಲಿ ನಿಂತೇ ಅವನು ಪಾರಿತೋಷಕವನ್ನು ಸ್ವೀಕರಿಸಿದ. ಆ ಕ್ಷಣದ ಛಾಯಾಚಿತ್ರ ಲೋಕದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಎರಡು ವರ್ಷಗಳ ಮೇಲೆ ಅದೇ ಪಂದ್ಯದಲ್ಲಿ ಜಗದ್ವಿಖ್ಯಾತನಾದ ಗ್ಯಾರಿ ಪ್ಲೇಯರನನ್ನೇ ಸೋಲಿಸಿದ. ಬಳಿಕ ಅವನಿಗೆ ದೇಶದ ದೊಡ್ಡ ಪಂದ್ಯಗಳ ಬಾಗಿಲನ್ನೇ ಮುಚ್ಚಲಾಯಿತು.

ಹಾಗಾದರೆ ಆಟದೊಳಗೆ ರಾಜಕೀಯವನ್ನು ಮೊದಲು ತಂದವರು ಯಾರು? 1970ರವರೆಗೆ ದಕ್ಷಿಣ ಆಫ್ರಿಕದ ಟೆಸ್ಟ್ ಕ್ರಿಕೆಟ್ ತಂಡ ಆಡಿದ್ದು ಇಂಗ್ಲೆಂಡು, ಆಸ್ಟ್ರೇಲಿಯ, ನ್ಯೂಜಿಲೆಂಡುಗಳೊಡನೆ ಮಾತ್ರ. ಭಾರತ, ಪಾಕಿಸ್ತಾನ, ವೆಸ್ಟ್ ಇಂಡೀಸ್‌ಗಳೊಡನೆ ಒಂದು ಟೆಸ್ಟನ್ನೂ ಆಡಿರಲಿಲ್ಲ. ಕೇಪ್‌ಟೌನಿನಲ್ಲಿ ಹುಟ್ಟಿ, ಬಣ್ಣದ ಕಾರಣ ಅಲ್ಲಿ ಅವಕಾಶ ಸಿಗದೆ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಬೇಸಿಲ್ ಡಿ'ಒಲಿವೆರಾ 1968ರಲ್ಲಿ ಇಂಗ್ಲೆಂಡಿನ ತಂಡಕ್ಕೆ ಆಯ್ಕೆಯಾದಾಗ, ಅಂತಹ ತಂಡ ತಮಗೆ ಬೇಡವೆಂದು ಅಲ್ಲಿನ ಪ್ರಧಾನಿ ವೋರ್ಸ್ಟರ್ ಸಾರಿದರು. ಪ್ರವಾಸವೇ ರದ್ದಾಯಿತು. ಬಹಿಷ್ಕಾರವೆಂಬ ಅಸ್ತ್ರವನ್ನು ಮೊದಲು ಹಿಡಿದವರು ಅವರೇ.

ಆಡುವುದರಿಂದಲೇ ಮನಸ್ಸುಗಳು ಬದಲಾಗುತ್ತವೆ ಎಂಬ ಎದುರು ವಾದವನ್ನೂ ತಳ್ಳಿಹಾಕುವಂತಿಲ್ಲ. ಅಮೆರಿಕದ ನೀಗ್ರೋ ಆಟಗಾರ ಆರ್ಥರ್ ಆಶ್ ಆ ನಂಬಿಕೆಯಿಂದಲೇ 1973ರಲ್ಲಿ ಜೊಹಾನ್ಸ್‌ಬರ್ಗಿಗೆ ಹೋಗಿ ಆಡಿದರು. ಪ್ರೇಕ್ಷಕರನ್ನು ಬಣ್ಣ ನೋಡಿ ಬೇರೆ ಬೇರೆ ಕೂರಿಸಬಾರದೆಂಬ ಷರತ್ತನ್ನೂ ಮುಂದಿಟ್ಟರು. ಆದರೆ ಕಾಲಕ್ರಮದಲ್ಲಿ ಅವರೇ ಬಹಿಷ್ಕಾರದ ಪಕ್ಷಕ್ಕೆ ಬಂದರು. 1985ರಲ್ಲಿ ವಾಷಿಂಗ್ಟನ್ನಿನ ದಕ್ಷಿಣ ಆಫ್ರಿಕ ರಾಯಭಾರ ಕಚೇರಿಯ ಮುಂದೆ ಪ್ರತಿಭಟಿಸಿ ಬಂಧನಕ್ಕೊಳಗಾದವರಲ್ಲಿ ಆಶ್ ಒಬ್ಬರು.

ಹಾಗೆಂದು ಎಲ್ಲ ಬಹಿಷ್ಕಾರಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. ಸೋವಿಯತ್ ಸೈನ್ಯ ಆಫ್ಘಾನಿಸ್ತಾನವನ್ನು ಹೊಕ್ಕಿತೆಂದು ಅಮೆರಿಕವೂ ಅದರ ಮಿತ್ರರಲ್ಲಿ ಅನೇಕರೂ 1980ರ ಮಾಸ್ಕೋ ಒಲಿಂಪಿಕ್ಸನ್ನು ತೊರೆದರು. ಸೈನ್ಯ ಹಿಂದಿರುಗಿದ್ದು 1989ರಲ್ಲಿ. ನಡುವೆ 1984ರಲ್ಲಿ ಸೋವಿಯತ್ ಬಣ ಲಾಸ್ ಏಂಜಲೀಸನ್ನು ತೊರೆದು ಮುಯ್ಯಿ ತೀರಿಸಿಕೊಂಡಿತು. ಸೇಡಿನ ಲೆಕ್ಕ ಸರಿಹೋಯಿತು; ವರ್ಷಗಟ್ಟಲೆ ಸಿದ್ಧರಾದ ಓಟಗಾರರು, ಈಜುಗಾರರು ಎರಡೂ ಕಡೆ ಕೈಕಟ್ಟಿ ಕೂತರು. ಮಾಸ್ಕೋಗೆ ಹೋದ ಭಾರತ ಹಾಕಿಯಲ್ಲಿ ಸ್ಪೇನನ್ನು 4-3ರಿಂದ ಸೋಲಿಸಿ ಚಿನ್ನ ಗೆದ್ದಿತು. ಪಾಕಿಸ್ತಾನ, ಪಶ್ಚಿಮ ಜರ್ಮನಿ, ಹಾಲೆಂಡುಗಳಿಲ್ಲದ ಆ ಕಣದಲ್ಲಿ ಗೆದ್ದ ಚಿನ್ನಕ್ಕೆ ಹೊಳಪು ಒಂದಿಷ್ಟು ಕಡಿಮೆಯೆಂದು ಹೇಳುವವರುಂಟು. ಗೆದ್ದವರಿಗೆ ಹಾಗೆ ಅನಿಸಿರಲಾರದು.

ದಕ್ಷಿಣ ಆಫ್ರಿಕದ ಸಂಗತಿಯೇ ಬೇರೆ. ಅಲ್ಲಿ ಅನ್ಯಾಯ ನಡೆಯುತ್ತಿದ್ದುದು ಎಲ್ಲೋ ದೂರದ ಗಡಿಯಲ್ಲಲ್ಲ, ಆಟದ ಮೈದಾನದಲ್ಲೇ. ಬಹಿಷ್ಕಾರ ಬೇಕೆಂದು ಕೇಳಿದವರೂ ಹೊರಗಿನ ಸರ್ಕಾರಗಳಷ್ಟೇ ಅಲ್ಲ. ಅನ್ಯಾಯವನ್ನು ಉಣ್ಣುತ್ತಿದ್ದವರೇ ಕೇಳಿದರು. ಅಲ್ಲಿನ ಕವಿ ಡೆನಿಸ್ ಬ್ರೂಟಸ್ ತಮ್ಮ ದೇಶವನ್ನು ಒಲಿಂಪಿಕ್ಸಿನಿಂದ ಹೊರಹಾಕಬೇಕೆಂದು ಚಳವಳಿ ಹೂಡಿ, 1963ರಲ್ಲಿ ಜೊಹಾನ್ಸ್‌ಬರ್ಗಿನ ಬೀದಿಯಲ್ಲಿ ಪೊಲೀಸರ ಗುಂಡೇಟು ತಿಂದು, ರಾಬೆನ್ ದ್ವೀಪದ ಸೆರೆಮನೆಯನ್ನು ಸೇರಿದರು. ಮರುವರ್ಷದ ಟೋಕಿಯೋ ಕ್ರೀಡೆಗಳಿಗೆ ಆ ದೇಶಕ್ಕೆ ಪ್ರವೇಶ ದೊರೆಯಲಿಲ್ಲ. ಆಟವನ್ನೇ ಹೆಮ್ಮೆಯಾಗಿ ಮಾಡಿಕೊಂಡಿದ್ದ ಬಿಳಿಯರಿಗೆ ಈ ಪೆಟ್ಟು ಮರ್ಮಕ್ಕೆ ತಾಗಿತು. ಆ ಜನರ ಕೂಗಿಗೆ ಓಗೊಟ್ಟು ಕಪ್ಪನ್ನು ಕೈಬಿಟ್ಟಿದ್ದರಿಂದಲೇ 1974ರ ತ್ಯಾಗಕ್ಕೆ ಅರ್ಥವಿದೆ. ಆದರೆ ಅದನ್ನು ತೆತ್ತವರು ಆಜ್ಞೆ ಹೊರಡಿಸಿದ ಅಧಿಕಾರಿಗಳಲ್ಲ, ಆಟಗಾರರು ಎಂಬುದನ್ನು ದೇಶ ಮರೆತದ್ದು ಮಾತ್ರ ಸರಿಯಲ್ಲ.

ಮಂಡೇಲಾ 1990ರಲ್ಲಿ ಬಿಡುಗಡೆಯಾದರು. ಮರುವರ್ಷ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ಕ್ರಿಕೆಟ್ ತಂಡ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ಗೆ ಬಂದು ಆಡಿತು. 1992ರಲ್ಲಿ ಭಾರತದ ತಂಡ ಅಲ್ಲಿಗೆ ಹೋಯಿತು. ಜೊಹಾನ್ಸ್‌ಬರ್ಗಿನ ಟೆಸ್ಟಿನಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ ಎರಡನೆಯ ಇನ್ನಿಂಗ್ಸಿನಲ್ಲಿ 53 ರನ್ನುಗಳಿಗೆ 6 ವಿಕೆಟ್ ಪಡೆದರು. ಅವರಿಗಿಂತ ಹಿರಿಯರಾದ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಅವರ ಟೆಸ್ಟ್ ಲೆಕ್ಕಪತ್ರಗಳಲ್ಲಿ ದಕ್ಷಿಣ ಆಫ್ರಿಕದ ಹೆಸರೇ ಇಲ್ಲ.